ಕಡೆತಗಾರನು ಬಿಟ್ಟುಹೋದ ಪರದೇಶದ ಮರಗಳು

ಮರದ ತುಂಡನ್ನು ತಿರುಗಣೆಗೆ ಕಟ್ಟಿ, ಅದು ತಿರುಗುತ್ತಿರುವಾಗ ಉಳಿಯನ್ನು ಒಡ್ಡಿ ದುಂಡಗೆ ರೂಪಿಸುವ ಕಲೆಯು ಬಹು ಪ್ರಾಚೀನವಾದುದು. ನಮ್ಮ ಕನ್ನಡದಲ್ಲಿ ಈ ಕೆಲಸಕ್ಕೂ ಮೊಸರಿನಿಂದ ಬೆಣ್ಣೆ ತೆಗೆಯುವ ಕೆಲಸಕ್ಕೂ ಒಂದೇ ಕ್ರಿಯಾಪದವಿದೆ. ಎರಡನ್ನೂ ನಾವು ಕಡೆಯುವುದು ಎನ್ನುತ್ತೇವೆ. ಹಳೆಯ ಕಾಲದ ತಿರುಗಣೆಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಅದು ಕಡೆಗೋಲಿನಂತೆಯೇ, ಸುತ್ತಿದ ಹಗ್ಗವನ್ನು ಅತ್ತಿತ್ತ ಎಳೆದಾಗ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುತ್ತಿತ್ತು. ಇಂದು ಅದರ ಸ್ಥಾನದಲ್ಲಿ ಲೇತ್ ಯಂತ್ರ ಬಂದಿದೆ. ಅದರ ಮುಂದೆ ನಿಂತು ಕೆಲಸ ಮಾಡುವ ಕುಶಲಕರ್ಮಿಯನ್ನು ಈ ಲೇಖನದಲ್ಲಿ ಕಡೆತಗಾರನೆಂದು ಕರೆಯುತ್ತೇವೆ.

ಕಡೆತಗಾರನಿಗೂ ಬಡಗಿಗೂ ಒಂದು ಭೇದವುಂಟು. ಬಡಗಿಗೆ ಬಾಗಿಲಿಗೋ ಮಂಚಕ್ಕೋ ಬೇಕಾದಷ್ಟು ಮರ ಬೇಕು. ಕೆಲಸ ಮುಗಿದೊಡನೆ ಮರವೂ ಮುಗಿಯುತ್ತದೆ. ಕಡೆತಗಾರನಾದರೋ ಗೇಣುದ್ದದ ತುಂಡನ್ನೂ ಬಿಸಾಡಲೊಲ್ಲನು. ಒಂದು ಕುಂಕುಮದ ಭರಣಿಗೆ, ಒಂದು ಚದುರಂಗದ ಕಾಯಿಗೆ ಅಂಗೈಯಗಲದ ಮರ ಸಾಕು. ಆದ್ದರಿಂದ ಅವನ ಬಳಿ ತುಂಡುಗಳ ರಾಶಿ ಬೆಳೆಯುತ್ತಲೇ ಹೋಗುತ್ತದೆ. ಅದೂ ಅಲ್ಲದೆ ಹಸಿಯ ಮರವನ್ನು ಕಡೆದರೆ ಒಣಗುವಾಗ ಅದು ಸೊಟ್ಟಗಾಗುತ್ತದೆ, ಸೀಳುತ್ತದೆ. ಹಲಗೆಯ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕೆಂಬುದು ಮರಗೆಲಸದವರ ಹಳೆಯ ಲೆಕ್ಕ. ಮರದೊಳಗಿನ ತೇವವು ಅಡ್ಡ ಕೊಯ್ದ ತುದಿಗಳಿಂದ ಬಲುಬೇಗ ಹೊರಬೀಳುವುದರಿಂದ, ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ಇಡುತ್ತಾರೆ. ಹೀಗಾಗಿ ಇಂದು ಕೊಂಡ ದಪ್ಪ ತುಂಡನ್ನು ಹತ್ತು ವರ್ಷದ ಮೇಲೆ ಕಡೆಯುವೆನೆಂದು ಎತ್ತಿಡುವವನು ಕಡೆತಗಾರ. ಅಷ್ಟು ವರ್ಷ ತಾನು ಇರುವೆನೋ ಇಲ್ಲವೋ ಎಂಬ ಲೆಕ್ಕವನ್ನು ಅವನು ಹಾಕುವುದಿಲ್ಲ.

ಅವನು ಗತಿಸಿದಾಗ ಏನಾಗುತ್ತದೆ? ಕೊಟ್ಟಿಗೆಯ ಬಾಗಿಲು ತೆರೆದ ಮಡದಿ ಮಕ್ಕಳಿಗೆ ಕಾಣುವುದು ಮೇಣ ಮೆತ್ತಿದ, ಧೂಳು ಹಿಡಿದ ಕೊರಡುಗಳ ಸಾಲು. ಕೆಲವು ಕಪ್ಪು, ಕೆಲವು ಕೆಂಪು. ಹೊರಮೈ ಮಾತ್ರ ಎಲ್ಲಕ್ಕೂ ಒಂದೇ ತರದ ಬೂದುಬಣ್ಣ. ಅವುಗಳಲ್ಲಿ ಯಾವುದು ಆಫ್ರಿಕದ್ದು, ಯಾವುದು ವೆಸ್ಟ್ ಇಂಡೀಸಿನದು, ಯಾವುದು ಹಿತ್ತಲಿನ ಹಲಸಿನದು ಎಂಬುದು ಒಬ್ಬನಿಗೇ ಗೊತ್ತಿತ್ತು, ಅವನು ಹೊರಟುಹೋದನು. ಆಗ ಆ ರಾಶಿಯನ್ನು ಕೊಳ್ಳಲು ಬರುವವನು ನಿಜವಾಗಿ ಏನನ್ನು ಕೊಳ್ಳುತ್ತಾನೆ? ತೂಕಕ್ಕೆ ಬೆಲೆ ಕಟ್ಟಿದರೆ ಸೌದೆ. ಹೆಸರನ್ನೂ ಹುಟ್ಟಿದ ದೇಶವನ್ನೂ ಕಡಿದ ವರ್ಷವನ್ನೂ ಸೇರಿಸಿ ಕೊಂಡರೆ ಮಾತ್ರ ಅದು ಸಂಗ್ರಹ. ಈ ವಿಷಯದಲ್ಲಿ ಚರಿತ್ರೆಯು ಏನು ಹೇಳುತ್ತದೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಈ ಚರಿತ್ರೆಯಲ್ಲಿ ಮೊದಲು ನೆನೆಯಬೇಕಾದ ಮನೆತನ ಲಂಡನ್ ನಗರದ ಹೋಲ್ಟ್ಸಾಫೆಲ್ ಅವರದು. ಆಲ್ಸೇಸ್ ಪ್ರಾಂತ್ಯದಿಂದ ಬಂದ ಜಾನ್ ಜೇಕಬ್ ಹೋಲ್ಟ್ಸಾಫೆಲ್ 18ನೆಯ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿ ಲೇತ್ ಯಂತ್ರಗಳ ಅಂಗಡಿ ತೆರೆದನು. ಅಂದಿನ ಸಿರಿವಂತರಿಗೂ ಪ್ರಭುಗಳಿಗೂ ಕಡೆತವು ವಿರಾಮಕಾಲದ ಹವ್ಯಾಸವಾಗಿದ್ದಿತು. ಅವರಿಗೆ ಯಂತ್ರವನ್ನು ಮಾರಿದ ಮೇಲೆ ಕಡೆಯಲು ದಂತ ಬೇಕು, ಮರ ಬೇಕು. ಇಂಗ್ಲೆಂಡಿನ ಹಡಗುಗಳು ಮುಟ್ಟುತ್ತಿದ್ದ ದೇಶಗಳಿಂದ ಬಂದ ಮರಗಳೆಲ್ಲ ಹೀಗೆ ಕಡೆತಗಾರರ ಕೈಸೇರಿದವು. ಅವನ ಮಗ ಚಾರ್ಲ್ಸ್ ಹೋಲ್ಟ್ಸಾಫೆಲ್ ಕಡೆತವನ್ನು ಕುರಿತು ಬಹುಸಂಪುಟಗಳ ಗ್ರಂಥವೊಂದನ್ನು ಬರೆಯತೊಡಗಿ, 1843ರಲ್ಲಿ ಪ್ರಕಟವಾದ ಮೊದಲ ಸಂಪುಟದಲ್ಲಿ ಮರಗಳ ಒಂದು ವಿವರಣಾತ್ಮಕ ಪಟ್ಟಿಯನ್ನು ಸೇರಿಸಿದನು. ಮರದ ಬಣ್ಣ, ಗಟ್ಟಿತನ, ನಾರಿನ ಓಟ, ಯಾವ ಕೆಲಸಕ್ಕೆ ಯೋಗ್ಯ ಎಂಬುದೆಲ್ಲ ಅದರಲ್ಲಿದೆ.

ಆ ಪಟ್ಟಿಯನ್ನು ಅವನು ಒಬ್ಬನೇ ಮಾಡಲಿಲ್ಲ, ಮಾಡಲೂ ಸಾಧ್ಯವಿರಲಿಲ್ಲ. ವ್ಯಾಪಾರಿಯು ತಿಳಿದಿದ್ದ ಹೆಸರು ಒಂದು, ಸಸ್ಯಶಾಸ್ತ್ರಜ್ಞನು ತಿಳಿದಿದ್ದ ಹೆಸರು ಇನ್ನೊಂದು. ಇವೆರಡನ್ನು ಜೋಡಿಸಲು ಅವನಿಗೆ ನೆರವಾದವರಲ್ಲಿ ಡಾ. ರಾಯ್ಲ್ ಮುಖ್ಯರು. ಭಾರತದಲ್ಲೇ ಹುಟ್ಟಿ, ಸಹಾರನ್‌ಪುರದ ಸಸ್ಯೋದ್ಯಾನವನ್ನು ನೋಡಿಕೊಂಡು, ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದವರು ಅವರು. ಕಲ್ಕತ್ತದ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ಡಾ. ವಾಲಿಚ್ ಲಂಡನ್ನಿನ ಕಲಾಸಂಘಕ್ಕೆ ಒಪ್ಪಿಸಿದ್ದ ಭಾರತೀಯ ಮರಗಳ ಮಾದರಿಗಳೂ ಅಂದಿನವರಿಗೆ ದಾರಿದೀಪವಾಗಿದ್ದವು. ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ನಮ್ಮ ಕರಿಮರವೂ ಲಂಡನ್ನಿನ ಲೇತುಗಳ ಮೇಲೆ ತಿರುಗುತ್ತಿದ್ದ ಕಾಲವದು.

ವ್ಯಾಪಾರದ ಹೆಸರುಗಳು ಎಷ್ಟು ಮೋಸಮಾಡಬಲ್ಲವು ಎಂಬುದಕ್ಕೆ ಆ ಪಟ್ಟಿಯಲ್ಲೇ ಒಂದು ನಿದರ್ಶನವಿದೆ. ಕಡೆತಗಾರರು ಅತ್ಯಂತ ಮೆಚ್ಚುತ್ತಿದ್ದ ಕಪ್ಪುಮರವೊಂದನ್ನು ಲಂಡನ್ನಿನ ಪೇಟೆಯಲ್ಲಿ ಬಾಟನಿ ಬೇ ಮರವೆಂದು ಕರೆಯುತ್ತಿದ್ದರು. ಬಾಟನಿ ಬೇ ಇರುವುದು ಆಸ್ಟ್ರೇಲಿಯದಲ್ಲಿ. ಆ ಮರವಾದರೋ ಬೆಳೆಯುವುದು ಆಫ್ರಿಕದಲ್ಲಿ. ಸೆನೆಗಲ್ ಸೀಮೆಯ ಗಿಡಗಳನ್ನು ಕುರಿತು ಬರೆದ ಫ್ರೆಂಚ್ ಸಸ್ಯಶಾಸ್ತ್ರಜ್ಞರು 1830ರ ದಶಕದ ಆರಂಭದಲ್ಲೇ ಇದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟಿದ್ದರು. ಅದು ನಮ್ಮ ಬೀಟೆಯ ಕುಲಕ್ಕೇ ಸೇರಿದ ಮರ. ಅಷ್ಟಾದರೂ ಪೇಟೆಯಲ್ಲಿ ತಪ್ಪು ಹೆಸರೇ ಓಡಾಡುತ್ತಿತ್ತು. ಚಾರ್ಲ್ಸ್ ಎರಡು ಹೆಸರುಗಳನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟನು. ಹಾಗೆ ಬರೆದಿಡದಿದ್ದರೆ, ಅಂದಿನ ಕಡೆತಗಾರನ ಸಾಮಾನಿನ ಯಾದಿಯಲ್ಲಿ ಬಾಟನಿ ಬೇ ಎಂಬ ಪದವನ್ನು ಕಂಡವನು ಇಂದಿಗೂ ಆಸ್ಟ್ರೇಲಿಯದ ಕಾಡುಗಳಲ್ಲಿ ಆ ಮರವನ್ನು ಹುಡುಕಬೇಕಾಗುತ್ತಿತ್ತು. ಹಾವಿನ ಮರ, ಗೌಜಲಕ್ಕಿಯ ಮರ, ಟುಲಿಪ್ ಹೂವಿನ ಮರ, ಅರಸುಮರ ಎಂಬ ಅರ್ಥದ ಇತರ ಇಂಗ್ಲಿಷ್ ಹೆಸರುಗಳೂ ಇಂಥವೇ. ಕಣ್ಣಿಗೆ ಕಂಡದ್ದನ್ನು ನೋಡಿ, ಕೊಳ್ಳುವವನ ಮನಸ್ಸನ್ನು ನೋಡಿ ವ್ಯಾಪಾರಿಗಳು ಇಟ್ಟವು.

ಚಾರ್ಲ್ಸ್ 1847ರಲ್ಲಿ, ಇನ್ನೂ ನಡುವಯಸ್ಸಿನಲ್ಲಿರುವಾಗಲೇ, ಕಾಲವಾದನು. ಅಂಗಡಿಯ ಭಾರವನ್ನು ಅವನ ವಿಧವೆ ಅಮೀಲಿಯಾ ಹೊತ್ತಳು. ಗಂಡನ ಗ್ರಂಥದ ಮೂರನೆಯ ಸಂಪುಟ 1850ರಲ್ಲಿ ಹೊರಬಂದಿತು. ಮುಂದೆ ಮಗನು ದೊಡ್ಡವನಾಗಿ ನಾಲ್ಕು ಮತ್ತು ಐದನೆಯ ಸಂಪುಟಗಳನ್ನು ಬರೆದು ಪೂರೈಸಿದನು. ಕಡೆತಗಾರನ ಮನೆಯಲ್ಲಿ ಮರದ ಜೊತೆಗೆ ಮಾತೂ ಉತ್ತರಾಧಿಕಾರಿಗಳ ಕೈಸೇರಿದ ವಿರಳ ಉದಾಹರಣೆಯಿದು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಮರದ ಹೆಸರು ತಪ್ಪಿದರೆ ದೇಶದ ಹೆಸರೇ ಬದಲಾಗುವುದೂ ಉಂಟು. ನಮ್ಮಲ್ಲಿ ಸಪ್ಪಂಗ ಅಥವಾ ಪತಂಗವೆಂದು ಕರೆಯುವ, ಕೆಂಪು ಬಣ್ಣ ಕೊಡುವ ಮರವು ಏಷ್ಯಾದಿಂದ ಯೂರೋಪಿಗೆ ಮಧ್ಯಯುಗದಿಂದಲೂ ಹೋಗುತ್ತಿತ್ತು. ಅಲ್ಲಿ ಅದನ್ನು ಬ್ರಸಿಲ್ ಎನ್ನುತ್ತಿದ್ದರು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್ ಭಾರತಕ್ಕೆ ಬರುವ ದಾರಿಯಲ್ಲಿ ದಕ್ಷಿಣ ಅಮೆರಿಕದ ಕರಾವಳಿಯನ್ನು ಮುಟ್ಟಿ, ಅದಕ್ಕೆ ಪವಿತ್ರ ಶಿಲುಬೆಯ ಹೆಸರನ್ನಿಟ್ಟು, ಅಲ್ಲಿಂದ ಕಲ್ಲಿಕೋಟೆಗೆ ಬಂದನು. ಆದರೆ ಆ ನೆಲದಲ್ಲಿ ಅದೇ ತರದ ಕೆಂಪು ಮರ ಹೇರಳವಾಗಿ ದೊರೆತದ್ದರಿಂದ, ಏಷ್ಯಾದ ಮರದ ಹೆಸರೇ ಆ ಮರಕ್ಕೂ ಆಮೇಲೆ ದೇಶಕ್ಕೂ ಅಂಟಿ, ಅದು ಬ್ರೆಜಿಲ್ ಆಯಿತು. ಬಟ್ಟೆಗೆ ಬಣ್ಣ ಹಾಕುವ ಒಂದು ಮರಕ್ಕಾಗಿ ಶಿಲುಬೆಯ ಹೆಸರನ್ನು ಮರೆತರಲ್ಲ ಎಂದು ಪೋರ್ಚುಗೀಸ್ ಇತಿಹಾಸಕಾರ ಜುವಾವ್ ದ ಬಾರೋಸ್ 16ನೆಯ ಶತಮಾನದಲ್ಲೇ ಮರುಗಿದ್ದಾನೆ.

ಹೆಸರು ಕಳೆದುಹೋದ ಮರದ ಕಥೆಗಳಲ್ಲಿ ನಮಗೆ ಅತ್ಯಂತ ರಮ್ಯವೂ ಬೋಧಪ್ರದವೂ ಆಗಿ ಕಾಣುವುದು ಒಂದು ಬಟ್ಟಲಿನ ಕಥೆ. ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ದೆಸ್ 1565ರಲ್ಲಿ ಅಮೆರಿಕದಿಂದ ಬಂದ ಔಷಧಗಳನ್ನು ಕುರಿತು ಬರೆಯುತ್ತ, ಮೂತ್ರಪಿಂಡದ ಬೇನೆಗೆ ಕೊಡುವ ಒಂದು ಮರವನ್ನು ಬಣ್ಣಿಸಿದನು. ಅದರ ಚಕ್ಕೆಗಳನ್ನು ನೀರಿನಲ್ಲಿ ಹಾಕಿಟ್ಟರೆ ನೀರಿಗೆ ನೀಲಿಯ ಛಾಯೆ ಬರುತ್ತಿತ್ತು. ಲತೀನಿನಲ್ಲಿ ಅದಕ್ಕೆ ಲಿಗ್ನುಂ ನೆಫ್ರಿತಿಕುಂ, ಅಂದರೆ ಮೂತ್ರಪಿಂಡದ ಮರವೆಂದು ಹೆಸರಾಯಿತು. ಮೆಕ್ಸಿಕೋದ ಜನರ ಬದುಕನ್ನು ಅವರ ಭಾಷೆಯಲ್ಲೇ ಬರೆದಿಟ್ಟ ಫ್ರಾನ್ಸಿಸ್ಕನ್ ಸಭೆಯ ಬೆರ್ನಾರ್ದಿನೋ ದ ಸಹಗುನ್ ಸಹ ಈ ಮರವನ್ನು ಬಲ್ಲವರಾಗಿದ್ದರು.

ಯೇಸುಸಭೆಯ ಮಹಾವಿದ್ವಾಂಸರಾದ ಅಥನಾಸಿಯುಸ್ ಕಿರ್ಖರ್ ಅವರಿಗೆ ಮೆಕ್ಸಿಕೋದಲ್ಲಿದ್ದ ತಮ್ಮ ಸಭೆಯ ಗುರುಗಳೊಬ್ಬರು ಇಂಥ ಮರದಿಂದ ಮಾಡಿದ ಬಟ್ಟಲೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದರಲ್ಲಿ ಸುರಿದ ತಿಳಿನೀರು ಬೆಳಕಿಗೆ ಹಿಡಿದಂತೆಲ್ಲ ಬಣ್ಣ ಬದಲಿಸುವುದನ್ನು ಕಂಡು ಬೆರಗಾದ ಅವರು 1646ರ ತಮ್ಮ ಬೆಳಕು ನೆರಳಿನ ಗ್ರಂಥದಲ್ಲಿ ಅದನ್ನು ವರ್ಣಿಸಿ, ಬಟ್ಟಲನ್ನು ಚಕ್ರವರ್ತಿಗೆ ಕಾಣಿಕೆಯಾಗಿ ಒಪ್ಪಿಸಿದರು. 1664ರಲ್ಲಿ ರಾಬರ್ಟ್ ಬಾಯ್ಲ್ ಇದೇ ಮರದ ನೀರನ್ನು ಪರೀಕ್ಷಿಸಿ, ಹುಳಿ ಸೇರಿಸಿದರೆ ನೀಲಿ ಮಾಯವಾಗುತ್ತದೆ, ಕ್ಷಾರ ಸೇರಿಸಿದರೆ ಮರಳಿ ಬರುತ್ತದೆ ಎಂದು ತೋರಿಸಿದನು. ಇಂದು ಪ್ರತಿದೀಪ್ತಿ ಎಂದು ವಿಜ್ಞಾನಿಗಳು ಕರೆಯುವ ವಿದ್ಯಮಾನದ ಮೊದಲ ದಾಖಲೆಗಳಲ್ಲಿ ಇದು ಒಂದು.

ಬಳಿಕ ಆ ಮರ ಯೂರೋಪಿನ ಔಷಧದಂಗಡಿಗಳಿಂದ ಮರೆಯಾಯಿತು. ಯಾವ ಗಿಡದಿಂದ ಬಂದದ್ದೆಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಹೆಸರಿದ್ದಿತು, ಹೆಸರಿನ ಹಿಂದಿನ ಮರವಿರಲಿಲ್ಲ. ಮೆಕ್ಸಿಕೋದ ಒಂದು ಗಿಡವನ್ನು ಕೆಲವರು ತೋರಿಸಿದರು. ಆದರೆ ಅದು ಪೊದೆಯಂಥ ಸಣ್ಣ ಗಿಡ. ಅದರ ತೆಳುವಾದ ಕಾಂಡದಿಂದ ಬಟ್ಟಲು ಮಾಡುವುದೆಂತು? ಈ ಒಗಟನ್ನು 1915ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಸ್ಯಾಫರ್ಡ್ ಬಿಡಿಸಿದನು. ಮರಗಳು ಎರಡಿದ್ದವು. ಔಷಧದ ಚಕ್ಕೆಗಳು ಮೆಕ್ಸಿಕೋದ ಆ ಸಣ್ಣ ಗಿಡದವು. ಬಟ್ಟಲುಗಳಾದರೋ ಫಿಲಿಪೀನ್ ದ್ವೀಪಗಳ ನಾರ್ರಾ ಎಂಬ ದೊಡ್ಡ ಮರದವು. ಮನಿಲಾದಿಂದ ಅಕಪುಲ್ಕೊ ಬಂದರಿಗೆ ಶಾಂತಸಾಗರವನ್ನು ದಾಟುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಅವು ಮೆಕ್ಸಿಕೋ ಸೇರಿ, ಅಲ್ಲಿಂದ ಮೆಕ್ಸಿಕೋದವೆಂಬ ಹೆಸರಿನಲ್ಲಿ ಯೂರೋಪಿಗೆ ಬಂದವು. ಎರಡೂ ಮರಗಳ ನೀರು ನೀಲಿಯಾಗಿ ಹೊಳೆಯುವುದರಿಂದ ಯಾರಿಗೂ ಸಂಶಯ ಬರಲಿಲ್ಲ. ಮೆಕ್ಸಿಕೋದ ಗಿಡದ ನೀರಿಗೆ ನೀಲಿ ಹೊಳಪು ಕೊಡುವ ವಸ್ತು ಯಾವುದೆಂಬುದು ರಸಾಯನಶಾಸ್ತ್ರಜ್ಞರಿಗೆ ಖಚಿತವಾದದ್ದು 2009ರಲ್ಲಿ.

ಈ ಕಥೆಯನ್ನು ನಾವು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ನಾರ್ರಾ ಎಂಬುದು ನಮ್ಮ ಹೊನ್ನೆಮರದ ಸೋದರ. ರಕ್ತಚಂದನವೂ ಇದೇ ಕುಲದ್ದು. ನಮ್ಮ ನಾಡಿನಲ್ಲಿ ಇಂದಿಗೂ ಹೊನ್ನೆಮರದ ಲೋಟವನ್ನು ಕಡೆದು ಮಾರುತ್ತಾರೆ; ಸಕ್ಕರೆ ಕಾಯಿಲೆಯವರು ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಕುಡಿಯುತ್ತಾರೆ. ವೈದ್ಯರ ಮಾತನ್ನು ಬಿಟ್ಟು ಲೋಟವನ್ನೇ ನಂಬಬೇಡಿರೆಂದು ಹೇಳುವುದು ನಮ್ಮ ಕರ್ತವ್ಯ. ಆದರೆ ಆ ಕಂದುನೀರನ್ನು ಗಾಜಿನ ಪಾತ್ರೆಗೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡುವ ಕುತೂಹಲಿಗೆ, ಕಿರ್ಖರ್ ಅವರು ಕಂಡ ನೀಲಿಯ ಅಂಚು ತಾನೂ ಕಂಡೀತು.

ಕಡೆತಗಾರನ ರಾಶಿಯನ್ನು ಪಡೆದವನು ಹೆಸರಿಲ್ಲದ ತುಂಡನ್ನು ಹೇಗೆ ಗುರುತಿಸಬೇಕು? ಹೊರಮೈಯ ಬಣ್ಣ ಸಾಕ್ಷಿಯಲ್ಲ. ಗಾಳಿಗೂ ಬೆಳಕಿಗೂ ಅದು ಮಾಸುತ್ತದೆ. ತುದಿಯ ಮೇಣವನ್ನು ಕೆರೆದು, ಹರಿತವಾದ ಅಲಗಿನಿಂದ ಅಡ್ಡಲಾಗಿ ನಯವಾಗಿ ಕೊಯ್ದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಬೇಕು. ರಸ ಹರಿಯುವ ಕೊಳವೆಗಳು ಒಂಟಿಯಾಗಿವೆಯೋ ಜೋಡಿಯಾಗಿವೆಯೋ, ಸುತ್ತಲಿನ ತೆಳುಬಣ್ಣದ ಗೆರೆಗಳು ಹೇಗೆ ಹರಡಿವೆ ಎಂಬುದರಿಂದ ಮರದ ಕುಲ ತಿಳಿಯುತ್ತದೆ. ವಾಸನೆಯೂ ತೂಕವೂ ಸಹಾಯಕ್ಕೆ ಬರುತ್ತವೆ. ಲತೀನಿನಲ್ಲಿ ಲಿಗ್ನುಂ ವಿತೇ, ಜೀವದ ಮರ, ಎನಿಸಿಕೊಂಡ ವೆಸ್ಟ್ ಇಂಡೀಸಿನ ಮರವು ನೀರಿನಲ್ಲಿ ಕಲ್ಲಿನಂತೆ ಮುಳುಗುತ್ತದೆ. ಅದರೊಳಗಿನ ಅಂಟೆಣ್ಣೆಯೇ ಕೀಲೆಣ್ಣೆಯ ಕೆಲಸ ಮಾಡುವುದರಿಂದ 19ನೆಯ ಶತಮಾನದ ನಡುವಿನಿಂದ ಹಬೆಹಡಗುಗಳ ತಿರುಪಿನ ದಂಡಕ್ಕೆ ಅದನ್ನೇ ಆಸರೆಯಾಗಿ ಕೂಡಿಸುತ್ತಿದ್ದರು. ಆದರೆ ಇಷ್ಟೆಲ್ಲ ಮಾಡಿದರೂ ಕುಲ ತಿಳಿದೀತೇ ಹೊರತು, ಯಾವ ಕಾಡಿನದು, ಯಾವ ವರ್ಷದ್ದು ಎಂಬುದನ್ನು ಮರವು ಬಾಯಿಬಿಟ್ಟು ಹೇಳದು. ಅದಕ್ಕೆ ಸತ್ತವನ ಕೈಬರಹವೇ ಬೇಕು. ಆದ್ದರಿಂದ ಕೊಟ್ಟಿಗೆಯಲ್ಲಿ ಮೊದಲು ಹುಡುಕಬೇಕಾದದ್ದು ಕರಿಮರವನ್ನಲ್ಲ, ಹಳೆಯ ಲೆಕ್ಕದ ಪುಸ್ತಕವನ್ನು, ರಸೀದಿಗಳ ಕಟ್ಟನ್ನು ಎಂಬುದು ನಮ್ಮ ಅಭಿಪ್ರಾಯ.

ತಂದೆಯ ಮರಗಳನ್ನು ಮಗಳು ಉಳಿಸಿದ ಒಂದು ಪ್ರಸಂಗ ಅಮೆರಿಕದಲ್ಲಿ ನಡೆಯಿತು. ನ್ಯೂಯಾರ್ಕ್ ಸಂಸ್ಥಾನದ ರೋಮೀನ್ ಹಫ್ ಎಂಬಾತನು ಕಡೆತಗಾರನಲ್ಲ. ಮರವನ್ನು ಕಾಗದದಂತೆ ತೆಳುವಾಗಿ ಸೀಳುವ ಉಪಾಯವನ್ನು ಕಂಡುಕೊಂಡವನು. ಅಡ್ಡಕೊಯ್ತ, ಉದ್ದಕೊಯ್ತ, ಓರೆಕೊಯ್ತವೆಂಬ ಮೂರು ಬಗೆಯ ನಿಜವಾದ ಮರದ ಪದರಗಳನ್ನು ಅಂಟಿಸಿ 1888ರಿಂದ 1913ರವರೆಗೆ 13 ಸಂಪುಟಗಳನ್ನು ಹೊರತಂದನು. 1924ರಲ್ಲಿ ಅವನು ತೀರಿಕೊಂಡಾಗ ಮುಂದಿನ ಸಂಪುಟ ಬಾಕಿಯಿತ್ತು. ಮಗಳು ಮಾರ್ಜೊರಿ ತಂದೆಯ ಟಿಪ್ಪಣಿಗಳನ್ನೂ ಮಾದರಿಗಳನ್ನೂ ಹೊಂದಿಸಿ 14ನೆಯ ಸಂಪುಟವನ್ನು 1928ರಲ್ಲಿ ಪ್ರಕಟಿಸಿದಳು.

ದೊಡ್ಡ ಸಂಸ್ಥೆಗಳಿಗೂ ಈ ಚಿಂತೆ ತಪ್ಪಿದ್ದಲ್ಲ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಸ್ಯಾಮ್ಯುಯಲ್ ರೆಕಾರ್ಡ್ ಜಗತ್ತಿನ ಮೂಲೆಮೂಲೆಗಳಿಂದ ಮರದ ತುಂಡುಗಳನ್ನು ತರಿಸಿ ಮಹಾಸಂಗ್ರಹವನ್ನು ಕಟ್ಟಿ 1945ರಲ್ಲಿ ನಿಧನರಾದರು. ಕಾಲಕ್ರಮದಲ್ಲಿ ಸುಮಾರು 55,000 ಮಾದರಿಗಳ ಆ ಸಂಗ್ರಹ 1969ರಲ್ಲಿ ಮ್ಯಾಡಿಸನ್ ನಗರದ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯಕ್ಕೆ ವರ್ಗವಾಯಿತು. ಪ್ರತಿ ತುಂಡಿನ ಮೇಲೂ ಅಂಕೆಯಿದ್ದು, ಅಂಕೆಗೆ ತಕ್ಕ ಚೀಟಿಯೂ ಜೊತೆಗೆ ಹೋದುದರಿಂದ ಅದು ಇಂದಿಗೂ ಉಪಯೋಗದಲ್ಲಿದೆ. ನಮ್ಮ ದೇಶದಲ್ಲಿ ಗ್ಯಾಂಬಲ್ ಎಂಬ ಅರಣ್ಯಾಧಿಕಾರಿ 1881ರಲ್ಲಿ ಭಾರತೀಯ ಮರಗಳ ಕೈಪಿಡಿಯನ್ನು ಬರೆದದ್ದು ಇಂಥ ಮಾದರಿಗಳನ್ನು ಮುಂದಿಟ್ಟುಕೊಂಡೇ. ಡೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲೂ, 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಆರಂಭವಾಗಿ ಇಂದು ಮರ ವಿಜ್ಞಾನ ಸಂಸ್ಥೆಯಾಗಿರುವ ಬೆಂಗಳೂರಿನ ಮಲ್ಲೇಶ್ವರದ ಕೇಂದ್ರದಲ್ಲೂ ಮರದ ಮಾದರಿಗಳ ಭಂಡಾರಗಳಿವೆ. ಚನ್ನಪಟ್ಟಣದ ಕಡೆತಗಾರರಿಗೆ ಮಾತ್ರ ಈ ತೊಡಕಿಲ್ಲ. ಅವರ ಮುಖ್ಯ ಮರ ಊರಿನ ಸುತ್ತಲೂ ಬೆಳೆಯುವ ಬಿಳಿಯ ಹಾಲೆ. ಅದರ ಗುರುತನ್ನು ಅವರ ಮಕ್ಕಳು ಆಡುತ್ತಲೇ ಕಲಿಯುತ್ತಾರೆ.

ಇತ್ತೀಚಿನ ದಶಕಗಳಲ್ಲಿ ಹೆಸರು ಮತ್ತು ವರ್ಷಕ್ಕೆ ಇನ್ನೊಂದು ಬೆಲೆಯೂ ಬಂದಿದೆ. ಕಾಡುಗಳು ಬರಿದಾದುವು. ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ವ್ಯಾಪಾರವನ್ನು ಹತೋಟಿಯಲ್ಲಿಡಲು 1973ರಲ್ಲಿ ವಾಷಿಂಗ್ಟನ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಅದು 1975ರಲ್ಲಿ ಜಾರಿಗೆ ಬಂದಿತು. ಬ್ರೆಜಿಲಿನ ಬೀಟೆಯು 1992ರಲ್ಲಿ ಅತಿ ಕಠಿಣವಾದ ಮೊದಲ ಪಟ್ಟಿಗೆ ಸೇರಿತು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ, ನಮ್ಮ ಘಟ್ಟದ ಬೀಟೆಯೂ ಆಫ್ರಿಕದ ಆ ಕಪ್ಪುಮರವೂ ಸೇರಿದಂತೆ, ಎರಡನೆಯ ಪಟ್ಟಿಯಲ್ಲಿದೆ. ಪಟ್ಟಿಗೆ ಸೇರುವ ಮೊದಲೇ ಪಡೆದ ಮರವೆಂದು ರುಜುವಾತು ಮಾಡಿದರೆ ಗಡಿ ದಾಟಿಸಲು ಬೇರೆ ಪ್ರಮಾಣಪತ್ರ ದೊರೆಯುತ್ತದೆ. ರುಜುವಾತು ಮಾಡುವುದು ಯಾವುದರಿಂದ? ಹಳೆಯ ರಸೀದಿಯಿಂದ, ತುಂಡಿನ ಮೇಲೆ ಬರೆದ ತೇದಿಯಿಂದ. ಐವತ್ತು ವರ್ಷದ ಹಿಂದೆ ನ್ಯಾಯವಾಗಿ ಕೊಂಡ ಕೊರಡೂ ಕಳೆದ ತಿಂಗಳು ಕದ್ದು ಕಡಿದ ಕೊರಡೂ ಬರಹವಿಲ್ಲದಿದ್ದರೆ ಅಧಿಕಾರಿಯ ಕಣ್ಣಿಗೆ ಒಂದೇ. ವಿಧವೆಯ ಕೈಗೆ ನಾಲ್ಕು ಕಾಸು ಬರಬೇಕಾದ ಕಡೆ ಬರುವುದು ತಗಾದೆ.

ಇದನ್ನು ಮೊದಲೇ ಕಂಡುಕೊಂಡವನಂತೆ ನಡೆದ ಕಡೆತಗಾರನೊಬ್ಬನನ್ನು ಹೆಸರಿಸಬಹುದು. ಅಮೆರಿಕದ ಇಂಡಿಯಾನಾದ ಒಕ್ಕಲು ಮನೆಯಲ್ಲಿ 1913ರಲ್ಲಿ ಹುಟ್ಟಿದ ಬಾಬ್ ಸ್ಟಾಕ್ಸ್‌ಡೇಲ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನಸ್ಸಾಕ್ಷಿಗೆ ಓಗೊಟ್ಟು ಆಯುಧ ಹಿಡಿಯಲೊಲ್ಲೆನೆಂದನು. ಅಂಥವರನ್ನು ಇರಿಸಿದ್ದ ಶಿಬಿರದಲ್ಲಿ ಬಟ್ಟಲು ಕಡೆಯಲು ತೊಡಗಿದನು. ಅನಂತರ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ನೆಲೆಸಿ, ನಾನಾ ದೇಶದ ಮರಗಳನ್ನು ಕೂಡಿಹಾಕಿಕೊಂಡು, 2003ರಲ್ಲಿ ಕಾಲವಾಗುವವರೆಗೂ ಅದೇ ಕಸುಬಿನಲ್ಲಿದ್ದನು. ಅವನ ಬಟ್ಟಲುಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ತೆಳ್ಳನೆಯ ಆ ಬಟ್ಟಲನ್ನು ಮಗುಚಿ ನೋಡಿದರೆ, ತಳದಲ್ಲಿ ಅವನ ಕೈಬರಹದಲ್ಲಿಯೇ ಇದು ಇಂಥ ಮರ, ಇಂಥ ದೇಶದಿಂದ ಬಂದದ್ದು ಎಂದು ಬರೆದು, ಅದರ ಕೆಳಗೆ ರುಜು ಹಾಕಿರುವುದು ಕಾಣುತ್ತದೆ.